ಮಸಿಯ ರಕ್ಷೆ

ಹೆಸರಿಗೆ ಮಸಿ ಬಳಿಯಬೇಡವೆಂದು ಹಿರಿಯರು ಮಕ್ಕಳಿಗೆ ಬುದ್ಧಿ ಹೇಳುವುದುಂಟು. ಮಸಿ ಬಳಿದದ್ದೇ ಉಳಿಯುತ್ತದೆಂದು ನನಗೆ ಕಲಿಸಿದವಳು ನನ್ನ ಮಗಳು.

ಅವಳು ಮನೆಯಲ್ಲೇ ಸರ್ಕ್ಯೂಟ್ ಹಲಗೆ ಮಾಡುತ್ತಾಳೆ. ಹಲಗೆಯ ಮೈಗೆ 0.035 ಮಿಲಿಮೀಟರ್ ದಪ್ಪದ ತಾಮ್ರದ ಹೊದಿಕೆ. ವಿದ್ಯುತ್ತು ಹರಿಯಬೇಕಾದ ದಾರಿಗಳನ್ನು ಅದರ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದು, ಫೆರಿಕ್ ಕ್ಲೋರೈಡಿನ ಕಂದು ದ್ರಾವಣದಲ್ಲಿ ಮುಳುಗಿಸಿ, ಪ್ಲಾಸ್ಟಿಕ್ ತಟ್ಟೆಯನ್ನು ತೊಟ್ಟಿಲಿನಂತೆ ಮೆಲ್ಲನೆ ತೂಗುತ್ತಾಳೆ. ಬರಿಯ ತಾಮ್ರವೆಲ್ಲ ಕರಗಿಹೋಗುತ್ತದೆ. ಮಸಿಯ ಮರೆಯಲ್ಲಿದ್ದದ್ದು ಉಳಿಯುತ್ತದೆ.

ಒಂದು ರಾತ್ರಿ ಹಲಗೆಯನ್ನು ತೊಳೆದಿಟ್ಟು, ಮಿಕ್ಕ ದ್ರಾವಣವನ್ನು ತಟ್ಟೆಯಲ್ಲೇ ಬಿಟ್ಟು ಮಲಗಿದಳು. ಚೆಲ್ಲಿದರೆ ನೆಲ ಕಲೆಯಾದೀತೆಂದು ನಾನು ತಟ್ಟೆಯಡಿಗೆ ಹರಿವಾಣವೊಂದನ್ನಿಟ್ಟೆ. ತಾಮ್ರದ್ದು, ತೀರಿಕೊಂಡ ನನ್ನ ಅಮ್ಮನದು. ನಡುವೆ ಅವಳ ಹೆಸರು, ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದು. ತಟ್ಟೆ ಸೀಳಿತ್ತೆಂದು ತಿಳಿದದ್ದು ಬೆಳಗಾದ ಮೇಲೆ. ಐದು ಅಕ್ಷರಗಳಲ್ಲಿ ಎರಡು ಮಾತ್ರ ಓದುವಂತಿದ್ದುವು.

“ಅಪ್ಪಾ, ಇದು ತಾಮ್ರಾನ ತಿನ್ನುತ್ತೆ ಅಂತ ಹೇಳಿರಲಿಲ್ವಾ?”

ಹೇಳಿದ್ದಳು. ಕೇಳಿಸಿಕೊಂಡವನು ಕನ್ನಡ ಮೇಷ್ಟರು. ‘ತಿನ್ನುತ್ತೆ’ ಎಂಬುದನ್ನು ರೂಪಕವೆಂದುಕೊಂಡಿದ್ದೆ!

ಇಪ್ಪತ್ತು ವರ್ಷ ಹುಣಿಸೆಹಣ್ಣು ಹಚ್ಚಿ ಬೆಳಗಿದ ಹೆಸರನ್ನು ಒಂದೇ ರಾತ್ರಿಯಲ್ಲಿ ಕಳೆದೆನಲ್ಲ ಎಂದು ಮೂಲೆಯಲ್ಲಿ ಕುಳಿತೆ. ಮಗಳು ಹರಿವಾಣವನ್ನು ತೊಳೆದು ಒರಸಿ, ಮಾಸಿದ ಮೂರಕ್ಷರಗಳನ್ನು ಅದೇ ಪೆನ್ನಿನಿಂದ ತುಂಬಿದಳು. ಅಜ್ಜಿಯನ್ನು ಅವಳು ನೋಡಿದವಳಲ್ಲ. ಆದರೂ ಒತ್ತಕ್ಷರವೊಂದೂ ತಪ್ಪಿರಲಿಲ್ಲ.

ಆ ಹರಿವಾಣವನ್ನು ಈಗ ನಾನು ಬೆಳಗುವುದಿಲ್ಲ.