ಸಂಜೆ ಆರರಿಂದ ಎಂಟರವರೆಗೆ ಎಲ್ಲಿದ್ದಿರಿ?

ಕೆಸರೆ ಎಲ್ಲಿದೆ ಅಂತ ಬೆಂಗಳೂರಿನ ನೆಂಟರಿಗೆ ಬಿಡಿಸಿ ಹೇಳುವುದರಲ್ಲೇ ನಮ್ಮ ಮನೆಯವರ ಅರ್ಧ ಆಯುಷ್ಯ ಕಳೆದಿದೆ. ಎನ್.ಆರ್. ಮೊಹಲ್ಲಾ ದಾಟಿ, ರಾಜೀವ್ ನಗರದ ಮಗ್ಗುಲಿಗೆ, ರಿಂಗ್ ರೋಡಿನ ಕಡೆಗೆ... "ಓ, ಮೈಸೂರಿಂದ ಆಚೆಗಾ?" ಅನ್ನುತ್ತಿದ್ದರು. 2024ರಲ್ಲಿ ಆ ತಾಪತ್ರಯ ತೀರಿತು. ಮುಡಾ ನಿವೇಶನದ ಪ್ರಕರಣದಲ್ಲಿ ಕೆಸರೆಯ 3 ಎಕರೆ 16 ಗುಂಟೆ ಟಿ.ವಿ.ಗೆ ಬಂದಿದ್ದೇ ತಡ, ಬೀದರಿನವರಿಗೂ ನಮ್ಮ ಸರ್ವೆ ನಂಬರು ಬಾಯಿಪಾಠ. ಆಗಿನ ಮುಖ್ಯಮಂತ್ರಿಗಳ ಕುಟುಂಬದ ವಿರುದ್ಧ ಸಾಕ್ಷ್ಯ ಇಲ್ಲವೆಂದು 2025ರ ಫೆಬ್ರುವರಿಯಲ್ಲಿ ಲೋಕಾಯುಕ್ತ ಪೊಲೀಸರು ಹೇಳಿದರು. ಅದನ್ನು ಕೋರ್ಟು ನೋಡಿಕೊಳ್ಳಲಿ. ನನ್ನ ಸಣ್ಣ ಸಂಕಟವೇ ಬೇರೆ. ಇಲ್ಲಿ ಜನ ಹುಟ್ಟಿ, ಮದುವೆಯಾಗಿ, ಚೀಟಿ ಕಟ್ಟಿ, ಸತ್ತದ್ದನ್ನು ಕೇಳಲು ಯಾವ ಕ್ಯಾಮೆರಾವೂ ಬಂದಿರಲಿಲ್ಲ. ಸಿನಿಮಾದ ಕ್ಯಾಮೆರಾದ್ದೂ ಇದೇ ಹಾಡು, ಅಪರಾಧವಾದರೇ ಬರುವುದು.

"ಪ್ರಶಸ್ತಿ ಬಂದ ಸಿನಿಮಾ ಅಂತ ಹಾಕ್ತೀರಿ, ಹತ್ತು ನಿಮಿಷಕ್ಕೊಂದು ಹೆಣ ಬೀಳತ್ತೆ. ನಾಲ್ಕು ಜನ ಸುಮ್ನೆ ಕೂತು ಊಟ ಮಾಡೋ ಸಿನಿಮಾ ತೆಗೆಯಲ್ವೇನ್ರೀ?" ಅನ್ನುತ್ತಾಳೆ ನನ್ನ ಹೆಂಡತಿ. ತೆಗೆಯುತ್ತಾರೆ. ಹಾಕಿದರೆ, ಅವರು ಪಲ್ಯ ಮುಗಿಸಿ ಸಾರಿಗೆ ಬರುವ ಮೊದಲೇ ಇವಳ ಗೊರಕೆ.

ನನಗನ್ನಿಸುವುದು, ಒಳ್ಳೆಯ ನಿರ್ದೇಶಕರಿಗೆ ಬೇಕಾದ್ದು ಹೆಣವಲ್ಲ, ಪರರ ಮನೆಯ ಬಾಗಿಲು ಬಡಿಯಲು ಒಂದು ನೆಪ. ನಮ್ಮ ಬೀದಿಯಲ್ಲೊಮ್ಮೆ ಸ್ಕೂಟರ್ ಕಳುವಾಯಿತು. ಕಾನ್‌ಸ್ಟೇಬಲ್ ಬಂದು ಜಗಲಿ ಮೇಲೆ ಕೂತು, ಟೀ ಕುಡಿಯುತ್ತ, ಎದುರುಮನೆಯವರನ್ನು "ಬೆಳಿಗ್ಗೆ ಎಷ್ಟೊತ್ತಿಗೆ ಹೊರಡ್ತೀರಿ ಸಾರ್?" ಅಂದ. "ಎಂಟೂವರೆ." "ಎಲ್ಲಿ ಕೆಲಸ?" ಆ ಮನುಷ್ಯ ಟಿಫನ್ ಕ್ಯಾರಿಯರಿನ ಚಿಲಕ ಹಾಕುತ್ತ, ತೆಗೆಯುತ್ತ ನಿಂತರು. ಫ್ಯಾಕ್ಟರಿ ಮುಚ್ಚಿ ತಿಂಗಳುಗಳೇ ಆಗಿದ್ದವು. ದಿನಾ ಪಾರ್ಕಿನಲ್ಲಿ ಕೂತು ಮನೆಯ ಚಿತ್ರಾನ್ನವನ್ನೇ ತಿಂದು ಸಂಜೆ ವಾಪಸ್ ಬರುತ್ತಿದ್ದರು. ಹೆಂಡತಿಗೂ ಗೊತ್ತಾದದ್ದು ಅವತ್ತೇ. ಸ್ಕೂಟರನ್ನು ಯಜಮಾನರ ಭಾವಮೈದನೇ ಒಯ್ದಿದ್ದ ಅನ್ನುವುದು ಆಮೇಲಿನ ಮಾತು. ಹೂವು ಹಣ್ಣು ಬದಲಾಯಿಸಿಕೊಂಡು ಬಾಳಿದ್ದ ನಾವ್ಯಾರೂ ಕೇಳದ್ದನ್ನು ಯಾವುದೋ ಸ್ಟೇಷನ್ನಿನವನು ಬಂದು ಕೇಳಬೇಕಾಯಿತು.

ಶಂಕರ್ ನಾಗ್ ಅವರ 'ಆಕ್ಸಿಡೆಂಟ್' (1985) ನೆನೆಸಿಕೊಳ್ಳಿ. ರಾಷ್ಟ್ರಪ್ರಶಸ್ತಿ ಬಂದ ಚಿತ್ರ. ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ದೊಡ್ಡವರ ಮಗನ ಕಾರು ಹರಿಯದಿದ್ದರೆ, ಅವರು ಯಾವ ಊರಿಂದ ಬಂದವರು, ಯಾಕೆ ಬಂದರು ಅಂತ ಕೇಳುವವರು ಯಾರು? 'ಕವಲುದಾರಿ'ಯಲ್ಲಿ (2019) ಮೆಟ್ರೋ ಅಗೆಯುವಾಗ ಸಿಕ್ಕ ಹಳೇ ಮೂಳೆಗಳ ಹಿಂದೆ ಬೀಳುವವನು ಒಬ್ಬ ಟ್ರಾಫಿಕ್ ಪೊಲೀಸ್. ಕೇಳುವ ಅಧಿಕಾರವಿಲ್ಲ, ಆದರೂ ಕೇಳದೆ ಇರಲಾರ. ಪೃಥ್ವಿ ಕೊಣನೂರರ 'ಪಿಂಕಿ ಎಲ್ಲಿ?'ಯಲ್ಲಿ ಮಗು ಕಳೆದಾಗಲೇ ಅಪಾರ್ಟ್‌ಮೆಂಟಿನವರಿಗೆ ಕೊಳೆಗೇರಿಯ ದಾರಿ ಗೊತ್ತಾಗುವುದು. ಕುರೊಸಾವಾ 1950ರಲ್ಲೇ 'ರಾಶೋಮಾನ್'ನಲ್ಲಿ ಒಂದೇ ಕೊಲೆಯನ್ನು ಹಲವರ ಬಾಯಲ್ಲಿ ಹೇಳಿಸಿ ಮುಂದಿನ ವರ್ಷ ವೆನಿಸ್‌ನಲ್ಲಿ ಚಿನ್ನದ ಸಿಂಹ ಗೆದ್ದರು. ಕೊಂದವನು ಯಾರೆಂದು ನನಗಿನ್ನೂ ಖಾತ್ರಿಯಿಲ್ಲ, ಆದರೆ ಅಲ್ಲಿ ಯಾರ್‍ಯಾರು ಎಷ್ಟೆಷ್ಟು ಜಂಬದವರೆಂದು ಚೆನ್ನಾಗಿ ಗೊತ್ತು.

'ತಿಥಿ'ಯನ್ನಂತೂ ಯಾರೂ ಕ್ರೈಂ ಸಿನಿಮಾ ಅನ್ನುವುದಿಲ್ಲ. ಬದುಕಿರುವ ಅಪ್ಪನ ಹೆಸರಲ್ಲಿ ಮಗ ಮರಣಪತ್ರ ಮಾಡಿಸಿ ಜಮೀನು ಮಾರಹೊರಟಿದ್ದಾನೆ. ವಕೀಲರನ್ನು ಕೇಳಿದರೆ ಸೆಕ್ಷನ್‌ಗಳ ಪಟ್ಟಿಯನ್ನೇ ಕೊಡುತ್ತಾರೆ. ನಾವು ಮಂಡ್ಯದ ಬೈಗುಳಕ್ಕೆ ನಗುತ್ತ ಕೂತಿದ್ದೆವು, ಲೊಕಾರ್ನೊದವರು ಚಿನ್ನದ ಚಿರತೆ ಕೊಟ್ಟರು. ಗಿರೀಶ ಕಾಸರವಳ್ಳಿಯವರ 'ತಬರನ ಕಥೆ'ಯದು ತಿರುಗುಮುರುಗು: ಪಿಂಚಣಿ ಬಾರದೆ ಹೆಂಡತಿ ಸಾಯುತ್ತಾಳೆ. ಕೊಲೆಯೇ, ಎಫ್‌ಐಆರ್ ಮಾತ್ರ ಇಲ್ಲ.

ಹಾಗೆ ನೋಡಿದರೆ ನನ್ನಪ್ಪನ ಮೇಲೂ ಒಂದು ಕೇಸು ಬಾಕಿಯಿದೆ. ಆಫೀಸು ಬಿಡುತ್ತಿದ್ದುದು ಐದೂವರೆಗೆ. ಸೈಕಲ್ ತುಳಿದು ಕೆಸರೆಗೆ ಬರಲು ಅರ್ಧ ಗಂಟೆ ಸಾಕು. ಅವರು ಗೇಟು ತೆಗೆಯುತ್ತಿದ್ದುದು ಎಂಟಕ್ಕೆ. ಆ ಎರಡು ಗಂಟೆ ಎಲ್ಲಿದ್ದರು? ವಯಸ್ಸಾಗಿ, ನಿದ್ದೆಯಲ್ಲೇ ಹೋದವರ ವಿಷಯದಲ್ಲಿ ಯಾರೂ ಮಹಜರು ಬರೆಯುವುದಿಲ್ಲ. ಸಿನಿಮಾದ ಇನ್‌ಸ್ಪೆಕ್ಟರ್ ಆಗಿದ್ದರೆ ಸತ್ತವನ ಜೇಬಿನ ಬಸ್ ಟಿಕೆಟ್ಟನ್ನೂ ದೀಪಕ್ಕೆ ಹಿಡಿದು ನೋಡುತ್ತಿದ್ದ. ನಾವು ಹದಿಮೂರನೇ ದಿನ ಅಪ್ಪನ ಷರಟುಗಳನ್ನು ಜೇಬು ಕೂಡ ತಡಕದೆ ಯಾರಿಗೋ ಕೊಟ್ಟೆವು. ಉಳಿದ ಟ್ರಂಕಿನಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು, ಹಾಳೆ ಮಡಿಸಿ ಗುರುತು ಮಾಡಿದವು. ಈಗ ಬಾಗಿಲು ಮುಚ್ಚಿರುವ ಶಾಂತಲಾ ಟಾಕೀಸಿನ ಅರ್ಧ ಹರಿದ ಟಿಕೆಟ್ಟೊಂದು. ಸಿನಿಮಾಕ್ಕೆ ನಮ್ಮನ್ನೆಲ್ಲ ಬೈಯುತ್ತಿದ್ದ ಮನುಷ್ಯ!

ಮೊನ್ನೆ ಧೈರ್ಯ ಮಾಡಿ ಅಮ್ಮನನ್ನೇ ಕೇಳಿದೆ. "ಅಪ್ಪ ದಿನಾ ಎಂಟಕ್ಕೆ ಬರ್ತಿದ್ರಲ್ಲ, ಅಲ್ಲೀವರ್ಗೂ ಎಲ್ಲಿರ್ತಿದ್ರಮ್ಮ?"

ಅಮ್ಮ ಹುರುಳಿಕಾಯಿ ನಾರು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಅವರ ವಿಷಯ ಆಮೇಲೆ. ನಿನ್ನೆ ಹಾಲು ತರ್ತೀನಿ ಅಂತ ಆರಕ್ಕೆ ಹೋದೋನು ಎಂಟಕ್ಕೆ ಬಂದ್ಯಲ್ಲ, ನೀನೆಲ್ಲಿದ್ದೆ?"

ಒಳಗಿನಿಂದ ಹೆಂಡತಿಯ ದನಿ ಬಂತು: "ಒಂದ್ನಿಮಿಷ ಇರಿ ಅತ್ತೆ, ಸಿನಿಮಾ ನಿಲ್ಸಿ ಬರ್ತೀನಿ."