ಎಡ ಅಂಗೈ ಕೊಟ್ಟ ಎಚ್ಚರಿಕೆ

ಬೆಳಗಿನ ಪೂಜೆಯ ವೇಳೆ ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಂಡಾಗ ಆಗುವ ಭಾರವನ್ನು ನಾನು ಎಂದೂ ಪ್ರತ್ಯೇಕವಾಗಿ ಗಮನಿಸಿದವನಲ್ಲ. ಐವತ್ತು ವರ್ಷಗಳಿಗೂ ಮೀರಿದ ರೂಢಿ ಅದು. ಕಳೆದ ವರ್ಷದ ಚಳಿಗಾಲದಲ್ಲಿ, ಬೀದರಿನ ನಮ್ಮ ಮನೆಯಲ್ಲಿ ಎಂದಿನಂತೆ ಪೂಜೆಗೆ ಕುಳಿತಿದ್ದೆ. ಲಿಂಗವು ಕಣ್ಣಿಗೆ ಕಾಣುತ್ತಿತ್ತು. ಆದರೆ ಕೈಗೆ ತಿಳಿಯುತ್ತಿರಲಿಲ್ಲ. ಅಂಗೈ ನನ್ನದಲ್ಲವೇನೋ ಎಂಬಂತೆ ಮೆಲ್ಲಗೆ ಕೆಳಗೆ ವಾಲತೊಡಗಿತು. ಗಾಬರಿಯಿಂದ ಬಲಗೈಯನ್ನು ಅದರಡಿಗೆ ಕೊಟ್ಟು, ಹೇಗೋ ಪೂಜೆ ಮುಗಿಸಿ ಎದ್ದೆ.

ಹೊರಗೆ ಬಂದು ಮಾತನಾಡಿಸಿದಾಗ ನನ್ನ ಶ್ರೀಮತಿಯವರು, "ಯಾಕ್ರೀ, ಮಾತು ತೊದಲಾಕತ್ತಾವಲ್ಲ?" ಎಂದರು. ಅರ್ಧ ಗಂಟೆಯಲ್ಲಿ ಎಲ್ಲವೂ ಸರಿಯಾಯಿತು. ಕೈ ಮೊದಲಿನಂತಾಯಿತು, ಮಾತು ಸ್ಪಷ್ಟವಾಯಿತು. "ರಾತ್ರಿ ಕೈಯ ಮೇಲೆ ಮಲಗಿದ್ದೆ, ನರ ಹಿಡಿದಿರಬೇಕು" ಎಂದು ಹೇಳಿ ನಾನು ಚಹಾ ಕುಡಿದೆ.

ಇಲ್ಲಿ ನನ್ನ ತಪ್ಪನ್ನು ಓದುಗ ಬಂಧುಗಳ ಮುಂದೆ ಒಪ್ಪಿಕೊಳ್ಳಬೇಕು. ನಾನು ಭಾಲ್ಕಿಯ ಪ್ರೌಢಶಾಲೆಯೊಂದರಲ್ಲಿ 28 ವರ್ಷ ವಿಜ್ಞಾನ ಕಲಿಸಿದವನು. ಮೆದುಳಿನ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಮೇಲಾಗಿ, 1978ರಲ್ಲಿ ಔರಾದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ತಂದೆಯವರ ಕೈಯಿಂದ ಊಟದ ನಡುವೆ ರೊಟ್ಟಿ ಜಾರಿ ಬಿದ್ದದ್ದನ್ನು ಕಣ್ಣಾರೆ ಕಂಡವನು. ಗಳಿಗೆಯಲ್ಲಿ ಅವರು ಸುಧಾರಿಸಿಕೊಂಡರು. ನಾವೆಲ್ಲ ನಕ್ಕು ಸುಮ್ಮನಾದೆವು. ಮೂರನೆಯ ದಿನ ಲಕ್ವಾ ಹೊಡೆಯಿತು. ಎಣ್ಣೆ ತಿಕ್ಕಿಸಿದೆವು, ತಾಯತ ಕಟ್ಟಿಸಿದೆವು. ಎರಡು ವರ್ಷ ಹಾಸಿಗೆಯಲ್ಲಿದ್ದು ಅವರು ಲಿಂಗೈಕ್ಯರಾದರು. ಅಂದು ನಮಗೆ ತಿಳಿವಳಿಕೆ ಇರಲಿಲ್ಲ. ಇಂದು ತಿಳಿದವನಾಗಿಯೂ ನಾನು ಅದನ್ನೇ ಮಾಡಿದೆ.

ಮರುದಿನ ಅಕ್ಕನ ಮನೆಯ ಗೃಹಪ್ರವೇಶಕ್ಕೆಂದು ಬಸ್ಸು ಹತ್ತಿ ಔರಾದಕ್ಕೆ ಹೋದೆ. ಬೀದರಿನಿಂದ ಅದು ಸುಮಾರು 40 ಕಿ.ಮೀ. ಸಂಜೆ ಅಕ್ಕನೊಡನೆ ಮಾತನಾಡುತ್ತಿದ್ದಾಗ ನಾಲಿಗೆ ಮತ್ತೆ ತಡವರಿಸಿತು, ಬಾಯಿಯ ಎಡತುದಿ ಜೋತುಬಿದ್ದಿತು, ಎದ್ದು ನಿಂತರೆ ಎಡಗಾಲು ಎಳೆಯಿತು. ಅಕ್ಕನ ಮಗ ಯಾರ ಮಾತನ್ನೂ ಕೇಳದೆ 108ಕ್ಕೆ ಕರೆ ಮಾಡಿದ. ಬೀದರ ತಲುಪುವಷ್ಟರಲ್ಲಿ ಲಕ್ಷಣಗಳೆಲ್ಲ ಮಾಯವಾಗಿದ್ದವು. "ಈಗ ಆರಾಮ ಇದ್ದೇನೆ, ಮನೆಗೆ ಹೋಗುತ್ತೇನೆ" ಎಂದೆ. ವೈದ್ಯರು ಬಿಡಲಿಲ್ಲ. "ಆರಾಮಾಗಿರುವುದೇ ಈ ರೋಗದ ಮೋಸ" ಎಂದರು.

ಇದನ್ನು ಕಿರು ಪಾರ್ಶ್ವವಾಯು ಎನ್ನುತ್ತಾರೆ. ನಮ್ಮ ನೌಬಾದಿನ ಸುರಂಗ ಬಾವಿಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ನೆಲದೊಳಗಿನ ಆ ಕಾಲುವೆಯಲ್ಲಿ ಎಲ್ಲೋ ಒಂದೆಡೆ ಹೂಳು ಕಟ್ಟಿದರೆ ಮುಂದಿನವರಿಗೆ ನೀರಿಲ್ಲ. ಹಾಗೆಯೇ ರಕ್ತದ ಸಣ್ಣ ಗರಣೆಯೊಂದು ಮೆದುಳಿನ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ದೇಹದ ತೂಕದಲ್ಲಿ ಮೆದುಳಿನ ಪಾಲು ಶೇ. 2ರಷ್ಟು, ಆದರೆ ನಾವು ಉಸಿರಾಡುವ ಆಮ್ಲಜನಕದಲ್ಲಿ ಶೇ. 20ರಷ್ಟು ಅದಕ್ಕೇ ಬೇಕು. ನಾಳಿನ ಅನ್ನವನ್ನು ಕೂಡಿಟ್ಟುಕೊಳ್ಳುವ ಕಣಜ ಅದಕ್ಕಿಲ್ಲ. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಅಲ್ಲಿಯ ರಸಾಯನ ಕದಡುತ್ತದೆ. ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ಗ್ಲುಟಮೇಟ್ ಎಂಬ ದ್ರವ್ಯ ಮಿತಿಮೀರಿ ಚೆಲ್ಲುತ್ತದೆ. ಅದರ ಒತ್ತಾಯದಿಂದ ಕ್ಯಾಲ್ಸಿಯಂ ಕೋಶದೊಳಗೆ ನುಗ್ಗುತ್ತದೆ. ಗರಣೆ ಬೇಗ ಕರಗಿದರೆ ಕೋಶಗಳು ಬದುಕುತ್ತವೆ, ಕೈ ಬಾಯಿ ಮರಳುತ್ತವೆ. ಕರಗದಿದ್ದರೆ ಅದೇ ಲಕ್ವಾ. ಕಿರು ಹೊಡೆತದ ನಂತರದ ಎರಡು ದಿನಗಳಲ್ಲಿ ದೊಡ್ಡ ಹೊಡೆತದ ಭಯ ಎಲ್ಲಕ್ಕಿಂತ ಹೆಚ್ಚು. ತಂದೆಯವರ ಮೂರನೆಯ ದಿನ ನನಗೆ ಆಗ ಅರ್ಥವಾಯಿತು.

ಐದು ದಿನಗಳಲ್ಲಿ ಮನೆಗೆ ಬಂದೆ. ನಿಜವಾದ ಕಷ್ಟ ಆಮೇಲೆ ಆರಂಭವಾಯಿತು. ಕೈಕಾಲು ನೆಟ್ಟಗಿದ್ದವು, ನಾನು ನೆಟ್ಟಗಿರಲಿಲ್ಲ. ಮೊಮ್ಮಗಳು ಶಾಲೆಯ ಪದ್ಯ ಹೇಳಿದರೆ ಕಣ್ಣೀರು. ಬೇಳೆಗೆ ಉಪ್ಪು ಕಡಿಮೆಯೆಂದು ತಟ್ಟೆ ತಳ್ಳಿದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಎಂದೂ ಹಾಗೆ ಮಾಡಿದವನಲ್ಲ. ಹತ್ತು ಹೆಜ್ಜೆ ನಡೆದರೆ ದಿನವೆಲ್ಲ ಹೊಲದಲ್ಲಿ ದುಡಿದ ದಣಿವು. ಪೂಜೆಗೆ ಕುಳಿತರೆ ಮನಸ್ಸು ಒಣಮರದಂತಿರುತ್ತಿತ್ತು. ಭಕ್ತಿಯೇ ಬತ್ತಿಹೋಯಿತೆಂದು ಒಳಗೊಳಗೇ ನಾಚಿ, ಯಾರಿಗೂ ಹೇಳಲಿಲ್ಲ. ಭಾಲ್ಕಿಯಿಂದ ರೈಲಿನಲ್ಲಿ ಬಂದ ತಮ್ಮ, "ಅಣ್ಣಾ, ನೀವು ಮನಸ್ಸು ಗಟ್ಟಿ ಮಾಡ್ಕೋಬೇಕ್ರಿ" ಎಂದ. ಬಂದವರೆಲ್ಲ ಅದನ್ನೇ ಹೇಳಿದರು. ಪ್ರೀತಿಯ ಮಾತೇ ಅದು. ಆದರೆ ಪ್ರತಿಸಲವೂ ಅದು ನನ್ನ ಮೇಲೆ ಹೊರಿಸಿದ ಆರೋಪದಂತೆ ಕೇಳಿಸಿತು.

ಮುಂದಿನ ತಪಾಸಣೆಯಲ್ಲಿ ಇದೆಲ್ಲವನ್ನೂ ವೈದ್ಯರ ಮುಂದೆ ಹೇಳಿದವರು ನನ್ನ ಶ್ರೀಮತಿಯವರೇ. ವೈದ್ಯರು ನನ್ನನ್ನು ಕೇಳಿದರು: "ಸಕ್ಕರೆ ಕಾಯಿಲೆಯವನಿಗೆ ಮನಸ್ಸು ಗಟ್ಟಿ ಮಾಡಿಕೋ, ಇನ್ಸುಲಿನ್ ತಾನೇ ಬರುತ್ತದೆ ಎನ್ನುತ್ತೀರಾ, ಗುರುಗಳೇ?" ಉತ್ಸಾಹ, ನೆಮ್ಮದಿ, ಎಚ್ಚರಗಳಿಗೂ ಮೆದುಳಿನಲ್ಲಿ ದ್ರವ್ಯಗಳಿವೆ. ಸೆರೊಟೋನಿನ್, ಡೋಪಮೈನ್, ನಾರ್‌ಅಡ್ರಿನಲಿನ್ ಎಂದು ಅವುಗಳ ಹೆಸರು. ಮೆದುಳಿನ ಬುಡದಿಂದ ಹೊರಡುವ ಉದ್ದನೆಯ ತಂತುಗಳು ಅವನ್ನು ಎಲ್ಲೆಡೆಗೂ ಹಂಚುತ್ತವೆ. ಮೆದುಳಿಗೆ ಪೆಟ್ಟಾದಾಗ ಈ ಹಂಚಿಕೆ ಏರುಪೇರಾಗಬಹುದು. ಮತ್ತೆ ಬಂದೀತೆಂಬ ಭಯವೂ ಅದಕ್ಕೆ ಕೂಡಿಕೊಳ್ಳುತ್ತದೆ. ಯಾರಲ್ಲಿ ಯಾವುದು ಎಷ್ಟು ಎಂದು ಅಳೆದು ಹೇಳುವ ಸಾಮಾನ್ಯ ಪರೀಕ್ಷೆಯಿಲ್ಲ. ಆದರೆ ಈ ಖಿನ್ನತೆ, ದಣಿವು ಅನೇಕ ರೋಗಿಗಳಲ್ಲಿ ಕಾಣುವಂಥವು, ಚಿಕಿತ್ಸೆಗೆ ಮಣಿಯುವಂಥವು ಎಂದರು. ಬತ್ತಿದ್ದು ಭಕ್ತಿಯಲ್ಲ ಎಂದು ತಿಳಿದ ಆ ದಿನವೇ ನನ್ನ ಅರ್ಧ ಭಾರ ಇಳಿಯಿತು.

ಚೇತರಿಕೆ ಒಂದು ದಿನದಲ್ಲಿ ಬರಲಿಲ್ಲ. ರಕ್ತದೊತ್ತಡಕ್ಕೆ, ರಕ್ತ ಗರಣೆ ಕಟ್ಟದಿರಲು, ಕೊಲೆಸ್ಟರಾಲಿಗೆ ಗುಳಿಗೆಗಳು. ಕೆಲವು ತಿಂಗಳು ಮನಸ್ಸಿಗೂ ಒಂದು ಗುಳಿಗೆ. ತಂಬಾಕು ಬಿಟ್ಟೆ. ಉಪ್ಪಿನಕಾಯಿ, ಹಪ್ಪಳ ತಟ್ಟೆಯಿಂದ ಇಳಿದವು. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದಷ್ಟು ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಬೆಳಿಗ್ಗೆ ಕೋಟೆಯ ಕಡೆಗೆ ನಡಿಗೆ. ಮೊದಲು ಹತ್ತು ನಿಮಿಷ, ಈಗ ನಲವತ್ತು. ಮಧ್ಯಾಹ್ನ ಶ್ರೀಮತಿಯವರು ಮೊರದಲ್ಲಿ ತೊಗರಿ, ಹೆಸರು ಬೆರೆಸಿ ಮುಂದಿಡುತ್ತಿದ್ದರು. ಎಡಗೈ ಬೆರಳುಗಳಿಂದ ನಾನು ಅವನ್ನು ಬೇರ್ಪಡಿಸಬೇಕು. ಬಳಸಿದಷ್ಟೂ ನರಕೋಶಗಳ ನಡುವಿನ ಕೊಂಡಿಗಳು ಬಲಗೊಳ್ಳುತ್ತವೆ ಎಂಬುದು ವಿಜ್ಞಾನ. ಕಾಯಕವೆಂದರೆ ಇದೂ ಹೌದು ಎಂದುಕೊಂಡು ಕಾಳು ಆರಿಸಿದೆ. ಆರನೆಯ ತಿಂಗಳಲ್ಲಿ ಒಬ್ಬನೇ ರೈಲು ಹತ್ತಿ ಭಾಲ್ಕಿಗೆ ಹೋಗಿ ತಮ್ಮನ ಮನೆಯಲ್ಲಿ ಉಂಡು ಬಂದೆ.

ಬಂಧುಗಳಲ್ಲಿ ನನ್ನ ಬಿನ್ನಹವಿಷ್ಟೇ. ಮುಖ ಒಂದು ಕಡೆ ಜೋತರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಐದೇ ನಿಮಿಷದಲ್ಲಿ ಸರಿಹೋದರೂ ಗಡಿಯಾರ ನೋಡಿ ವೇಳೆ ಗುರುತಿಸಿಕೊಳ್ಳಿರಿ, ಕೂಡಲೇ ಆಸ್ಪತ್ರೆಗೆ ಹೊರಡಿರಿ. ಗರಣೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೆಲವರಿಗೆ ಒಳಗೆ ರಕ್ತಸ್ರಾವವೇ ಆಗಿರಬಹುದಾದ್ದರಿಂದ, ಸ್ಕ್ಯಾನ್ ಆಗುವ ಮೊದಲು ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿರಿ. ಮನೆಗೆ ಮರಳಿದವರು ಅತ್ತರೆ, ಸಿಡುಕಿದರೆ, ಮೌನವಾದರೆ, ಅದನ್ನೂ ವೈದ್ಯರಿಗೆ ತಿಳಿಸಿರಿ.

ಈಗಲೂ ಪ್ರತಿ ಬೆಳಿಗ್ಗೆ ಪೂಜೆಗೆ ಕುಳಿತಾಗ ಲಿಂಗವನ್ನು ಅಂಗೈಗೆ ತಂದು ಕಣ್ಣು ಮುಚ್ಚುತ್ತೇನೆ. ಅದರ ಭಾರ ಕೈಗೆ ತಿಳಿಯುತ್ತದೆ. ಶ್ರೀಮತಿಯವರು ಬಾಗಿಲ ಬಳಿ ಒಂದು ಗಳಿಗೆ ನಿಂತು ನೋಡಿ, ಏನೂ ಹೇಳದೆ ಒಳಗೆ ಹೋಗುತ್ತಾರೆ.