ಹಪ್ಪಳದ ದುಡ್ಡಿಗೊಂದು ಲೆಕ್ಕ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೀಮೆಯಲ್ಲಿ ಏನನ್ನೂ ಮಾರದ ಹೆಂಗಸರು ಕಡಿಮೆ. ಬೇಸಿಗೆ ಬಂತೆಂದರೆ ಹಲಸಿನಕಾಯಿ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ. ಮಳೆ ಹಿಡಿಯುವ ಮುಂಚೆ ಮುರುಗಲು ಸಿಪ್ಪೆ. ಆಲೆಮನೆಯ ದಿನಗಳಲ್ಲಿ ತೊಡೆದೇವು. ಒಬ್ಬರು ರವಿಕೆ ಹೊಲಿಯುತ್ತಾರೆ, ಇನ್ನೊಬ್ಬರು ಜೇನು ಮಾರುತ್ತಾರೆ, ಮತ್ತೊಬ್ಬರು ಮದುವೆ ಮನೆಗೆ ಹೋಳಿಗೆ ಮಾಡಿ ಕೊಡುತ್ತಾರೆ. ಆದರೆ "ನಿಮ್ಮ ಉದ್ಯೋಗವೇನು?" ಎಂದು ಯಾರಾದರೂ ಕೇಳಲಿ, ಎಲ್ಲರದೂ ಒಂದೇ ಉತ್ತರ: "ಎಂತದೂ ಇಲ್ಲ, ಮನೇಲೇ ಇರ್ತೇನೆ." ಬಂದ ದುಡ್ಡಿಗೆ ನಾವಿಟ್ಟ ಹೆಸರು ಕೈಖರ್ಚು.

ಅದೇ ಮನೆಯ ಅಡಿಕೆಗೆ ಎಷ್ಟು ಮರ್ಯಾದೆ ನೋಡಿ! ಶಿರಸಿಯ ತೋಟಗಾರರ ಸೊಸೈಟಿ ಹುಟ್ಟಿದ್ದು 1923ರಲ್ಲಿ. ನೂರು ವರ್ಷ ದಾಟಿತು. ಎಷ್ಟು ಕ್ವಿಂಟಲ್ ಚಾಲಿ, ಎಷ್ಟು ರಾಶಿ, ಯಾವ ದಿನ, ಯಾವ ದರಕ್ಕೆ ಹೋಯಿತು ಎಂಬುದೆಲ್ಲ ಮನೆಯ ಯಜಮಾನರ ಖಾತೆಯಲ್ಲಿ ಕಾಗದದ ಮೇಲೆ ಇರುತ್ತದೆ. ಹಪ್ಪಳದ ಲೆಕ್ಕ ಮಾತ್ರ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ: "ಹುಬ್ಬಳ್ಳಿ 200, ಬಾಕಿ 150." ವರ್ಷ ಮುಗಿದ ಮೇಲೆ ಕ್ಯಾಲೆಂಡರು ಬಚ್ಚಲೊಲೆಗೆ, ಅದರ ಜೊತೆ ಲೆಕ್ಕವೂ ಬಚ್ಚಲೊಲೆಗೆ.

ನಾನು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಹನ್ನೆರಡು ವರ್ಷದಿಂದ ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುತ್ತಿದ್ದೇನೆ. ಮೂರು ವರ್ಷದಿಂದ ಅದರ ಲೆಕ್ಕವನ್ನೆಲ್ಲ ಫೋನಿನಲ್ಲಿ ಇಟ್ಟುಕೊಂಡು ಬಂದಿದ್ದೇನೆ. ಇದೇನು ಮಹಾ ವಿದ್ಯೆಯಲ್ಲ. ಹಪ್ಪಳದ ಹಿಟ್ಟಿನ ಹದ ಹಿಡಿಯಲು ಬಂದವಳಿಗೆ ಇದು ಕಷ್ಟವೇ ಅಲ್ಲ. ನಾಲ್ಕು ಜನ ಅಕ್ಕತಂಗಿಯರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲು, ಇದೆಲ್ಲ ಯಾಕೆ ಬೇಕು ಎನ್ನುವ ಮಾತು. 2025ರ ಜುಲೈ ತಿಂಗಳು ನಿಮಗೂ ನೆನಪಿರಬಹುದು. ಬೆಂಗಳೂರಿನ ಬೇಕರಿ, ಚಾ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿಗಳು ಕಾಣಿಸಿಕೊಂಡವು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು 2021-22ರಿಂದ 2024-25ರ ತನಕ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಮೂಲಕ ಬಂದ ಹಣವನ್ನು ಒಟ್ಟು ಮಾಡಿ, ಜಿ.ಎಸ್.ಟಿ. ಮಿತಿ ಮೀರಿದೆ ಎಂದು ಸಾವಿರಾರು ಜನರಿಗೆ ನೋಟೀಸು ಕಳಿಸಿದ್ದರು. ನಮ್ಮ ಪಕ್ಕದ ಜಿಲ್ಲೆ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ರೂಪಾಯಿಯ ನೋಟೀಸು ಬಂದದ್ದು ಪತ್ರಿಕೆಗಳಲ್ಲೆಲ್ಲ ದೊಡ್ಡ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿ.ಎಸ್.ಟಿ.ಯೇ ಇಲ್ಲ!

ಆಮೇಲೆ ಇಲಾಖೆಯವರು, ತೆರಿಗೆ ಇಲ್ಲದ ಸಾಮಾನಿನ ಹಣ, ಕೈಸಾಲ, ಮನೆಯವರು ಕಳಿಸಿದ ಹಣ ಇವನ್ನೆಲ್ಲ ದಾಖಲೆ ತೋರಿಸಿದರೆ ಬಿಟ್ಟುಬಿಡುತ್ತೇವೆ ಎಂದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜೊತೆ ಕೂತು ಮಾತಾಡಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಗಲಾಟೆ ತಣ್ಣಗಾಯಿತು. ಆ ದಿನಗಳಲ್ಲಿ ನಮ್ಮ ಓಣಿಯ ಒಬ್ಬರು ಕ್ಯೂಆರ್ ಚೀಟಿಯನ್ನೇ ಕಿತ್ತು ಹಾಕಿದರು. ನನಗನಿಸಿದ್ದೇ ಬೇರೆ. "ದಾಖಲೆ ತೋರಿಸಿದರೆ" ಎಂದರಲ್ಲ, ತೋರಿಸಲು ನಮ್ಮಲ್ಲಿ ಏನಿದೆ?

ಹಣ ಬಂದದ್ದನ್ನು ಫೋನು ಮರೆಯುವುದಿಲ್ಲ. ಯಾತಕ್ಕೆ ಬಂತು ಎಂಬುದು ಮಾತ್ರ ಅದಕ್ಕೆ ತಿಳಿಯದು, ಅದು ತಿಳಿದಿರುವುದು ನಮಗೆ. ಆ ಯಾತಕ್ಕೆ ಎಂಬುದನ್ನು ಅಂದಂದೇ ಬರೆದಿಡುವುದೇ ಈ ಇಡೀ ಲೆಕ್ಕದ ಗುಟ್ಟು. ನಾವು ಬರೆಯದಿದ್ದರೆ ನಮ್ಮ ಲೆಕ್ಕವನ್ನು ಬೇರೆ ಯಾರೋ ಮಾಡುತ್ತಾರೆ, ಅವರಿಗೆ ತೋಚಿದ ಹಾಗೆ.

ನನ್ನದೇ ಒಂದು ವರ್ಷದ ಉದಾಹರಣೆ ಕೊಡುತ್ತೇನೆ. ಖಾತೆಗೆ ಬಂದ ಒಟ್ಟು ಹಣ 2,86,000 ರೂಪಾಯಿ. ಅದರಲ್ಲಿ ಆಯಿಯ ಕಣ್ಣಿನ ಆಪರೇಷನ್ನಿಗೆಂದು ಬೆಂಗಳೂರಿನ ತಮ್ಮ ಹಾಕಿದ್ದು 45,000. ಸ್ವಸಹಾಯ ಸಂಘದಿಂದ ತೆಗೆದ ಸಾಲ 30,000. ಮಗಳ ಹಾಸ್ಟೆಲ್ ಫೀಸಿಗೆಂದು ನಮ್ಮನೆಯವರು ಹಾಕಿದ್ದು 52,000. ಪಕ್ಕದ ಮನೆಯವರು ನನ್ನಿಂದ ನಗದು ತಗೊಂಡು ಫೋನಿನಲ್ಲಿ ವಾಪಸ್ ಹಾಕಿದ್ದು 9,000. ಇವೆಲ್ಲ ಸೇರಿ 1,36,000. ಕಳೆದರೆ ಉಳಿಯುವುದು 1,50,000. ನಿಜವಾದ ವ್ಯಾಪಾರ ಇಷ್ಟೇ. ನಗದಾಗಿ ಬಂದ 35,000 ಸೇರಿಸಿದರೆ ಒಟ್ಟು 1,85,000. ಬರೆದಿಡದೇ ಹೋಗಿದ್ದರೆ, ನೋಡಿದವರ ಕಣ್ಣಿಗೆ ತಮ್ಮನ ದುಡ್ಡೂ ಹಪ್ಪಳದ ದುಡ್ಡೇ!

ಇನ್ನು ನಾನು ಮಾಡುವ ಕ್ರಮ. ಮೊಟ್ಟಮೊದಲು, ವ್ಯಾಪಾರಕ್ಕೇ ಒಂದು ಬೇರೆ ಉಳಿತಾಯ ಖಾತೆ ತೆರೆಯಿರಿ. ಅದು ನಿಮ್ಮ ಹೆಸರಿನಲ್ಲಿರಲಿ, ನಿಮ್ಮ ಪಾನ್ ಕಾರ್ಡಿನ ಮೇಲಿರಲಿ. ಕ್ಯೂಆರ್ ಚೀಟಿಯೂ ಆ ಖಾತೆಯದ್ದೇ ಆಗಿರಲಿ. ಉಪ್ಪಿನ ಭರಣಿಗೆ ಸಕ್ಕರೆ ತುಂಬುವುದಿಲ್ಲ ತಾನೆ? ಹಾಗೇ ಇದೂ. ನನ್ನ ಆ 1,36,000ದ ಗೋಜಲು ಬೇರೆ ಖಾತೆ ಮಾಡಿಸಿದ ಮೇಲೆ ಮುಕ್ಕಾಲು ಪಾಲು ಇಲ್ಲವಾಯಿತು.

ಎರಡನೆಯದು, ದಿನದ ಹತ್ತು ನಿಮಿಷ. ಸಂಜೆ ದೇವರ ದೀಪ ಹಚ್ಚಿ, ಅನ್ನಕ್ಕೆ ಇಟ್ಟು, ಕೂತು ಬರೆಯುತ್ತೇನೆ. ಫೋನಿನಲ್ಲಿ ಗೂಗಲ್ ಶೀಟ್ ಎಂದು ಬರುತ್ತದೆ. ಮನೆಗಳನ್ನು ಗೀಟಿದ ಹಾಳೆ ಇದ್ದ ಹಾಗೆ. ಅದರಲ್ಲಿ ಆರು ಮನೆ ಮಾಡಿಕೊಂಡಿದ್ದೇನೆ: ತಾರೀಖು, ಯಾರು, ಯಾತಕ್ಕೆ, ಎಷ್ಟು, ಫೋನೋ ನಗದೋ, ಬಂದದ್ದೋ ಹೋದದ್ದೋ. ಕನ್ನಡದಲ್ಲೇ ಬರೆಯಬಹುದು. ಕೀಲಿಮಣೆಯ ಮೇಲಿನ ಮೈಕಿನ ಗುರುತು ಒತ್ತಿ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಒಮ್ಮೊಮ್ಮೆ "ಹಪ್ಪಳ" ಎಂದರೆ ಬೇರೇನೋ ಬರೆದು ನಗಿಸುತ್ತದೆ, ತಿದ್ದಿದರಾಯಿತು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಂಥ ದಿನಗಳಲ್ಲಿ ಒಬ್ಬೊಬ್ಬ ಗಿರಾಕಿಯ ಹೆಸರು ಬರೆಯುತ್ತ ಕೂರಲಾಗುವುದಿಲ್ಲ. ಆಗ ರಾತ್ರಿ ಡಬ್ಬಿಯ ನಗದು ಎಣಿಸಿ ಒಂದೇ ಸಾಲಿನಲ್ಲಿ ಬರೆಯುತ್ತೇನೆ.

ನೆಟ್‌ವರ್ಕ್ ಇಲ್ಲದವರು ಏನು ಮಾಡಬೇಕು? ಯಲ್ಲಾಪುರ ತಾಲ್ಲೂಕಿನ ಒಳಹಳ್ಳಿಯಲ್ಲಿರುವ ನನ್ನ ಗೆಳತಿಗೆ ಸಿಗ್ನಲ್ಲು ಸಿಗಬೇಕಾದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕರೆಂಟಿನದೂ ಅದೇ ಪಾಡು. ಅವಳು ಅಡುಗೆಮನೆಯ ಮೊಳೆಗೆ ನೂರು ಪುಟದ ನೋಟ್‌ಬುಕ್ ತೂಗುಹಾಕಿದ್ದಾಳೆ. ವಾರಕ್ಕೊಮ್ಮೆ ಪೇಟೆಗೆ ಬಂದಾಗ ಪುಟದ ಫೋಟೋ ತೆಗೆದು ಇಟ್ಟುಕೊಳ್ಳುತ್ತಾಳೆ. ಅದೂ ಸರಿಯೇ. ಬರೆಯುವುದು ಮುಖ್ಯ.

ಮೂರನೆಯದು, ಬಿಲ್ಲುಗಳು. ಎಣ್ಣೆ, ಮೆಣಸು, ಪ್ಯಾಕಿಂಗ್ ಚೀಲ, ಬಸ್ಸಿಗೆ ಪಾರ್ಸೆಲ್ ಹಾಕಿದ್ದು, ಎಲ್ಲದರ ಚೀಟಿಗೂ ಅಂದೇ ಫೋಟೋ ತೆಗೆಯಿರಿ. ಅಂಗಡಿಯ ಮಶೀನಿನಿಂದ ಬರುವ ನುಣುಪು ಕಾಗದದ ಬಿಲ್ಲು ನಾಲ್ಕಾರು ತಿಂಗಳಲ್ಲಿ ಬೆಳ್ಳಗಾಗುತ್ತದೆ. ಮಾರ್ಚಿನಲ್ಲಿ ತೆಗೆದು ನೋಡಿದರೆ ಅಕ್ಷರವೇ ಇರುವುದಿಲ್ಲ. ಹಪ್ಪಳ ಒತ್ತಲು ಬರುವವರಿಗೆ ಕೊಟ್ಟ ಕೂಲಿಗೆ ಬಿಲ್ಲು ಎಲ್ಲಿಂದ ಬರಬೇಕು? ನೋಟ್‌ಬುಕ್ಕಿನಲ್ಲಿ ತಾರೀಖು, ಮೊತ್ತ ಬರೆದು ಅವರದೊಂದು ಸಹಿ ಹಾಕಿಸಿಕೊಂಡು ಅದರ ಫೋಟೋ ಇಡುತ್ತೇನೆ.

ನಾಲ್ಕನೆಯದು, ಪ್ರತಿ ತಿಂಗಳ ಒಂದನೇ ತಾರೀಖು ಬ್ಯಾಂಕಿನ ಸ್ಟೇಟ್‌ಮೆಂಟನ್ನು ಫೋನಿಗೆ ಇಳಿಸಿಕೊಂಡು ನನ್ನ ಹಾಳೆಯ ಜೊತೆ ತಾಳೆ ನೋಡುತ್ತೇನೆ. ಎಲ್ಲದರ ಒಂದು ಪ್ರತಿ ಗೂಗಲ್ ಡ್ರೈವ್‌ನಲ್ಲಿ ಇರುತ್ತದೆ. ಫೋನು ಬಾವಿಗೆ ಬಿದ್ದರೂ ಲೆಕ್ಕ ಮುಳುಗಬಾರದು ನೋಡಿ.

ಒಂದು ಎಚ್ಚರಿಕೆಯ ಮಾತು. ನಮಗೆ ಹಣ ಬರುವುದಕ್ಕೆ ನಮ್ಮ ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ. "ಹಣ ಹಾಕ್ತೇನೆ, ಪಿನ್ ಒತ್ತಿ" ಎಂದವರು ಕಳ್ಳರೇ. ತೆರಿಗೆ ಇಲಾಖೆಯ ಹೆಸರು ಹೇಳಿ ವಾಟ್ಸಾಪಿನಲ್ಲಿ ಬರುವ ಕೊಂಡಿಗಳನ್ನೂ ಮುಟ್ಟಬೇಡಿ.

ಇನ್ನು ತೆರಿಗೆ. ಆ ಶಬ್ದ ಕೇಳಿದರೇ ನಮಗೆ ಗಾಬರಿ. ನಿಧಾನವಾಗಿ ನೋಡಿದರೆ ಅಷ್ಟೇನೂ ಭಯವಿಲ್ಲ. ಸಾಮಾನು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕು, ಹೊಲಿಗೆಯಂಥ ಸೇವೆಗೆ ಆ ಮಿತಿ 20 ಲಕ್ಷ. ಹಪ್ಪಳಕ್ಕಂತೂ ಜಿ.ಎಸ್.ಟಿ.ಯೇ ಇಲ್ಲ. ಉಪ್ಪಿನಕಾಯಿಗೆ ಉಂಟು. ಉಪ್ಪಿನಕಾಯಿಯನ್ನು ಗೋವಾಕ್ಕೋ ಮುಂಬೈಗೋ ಕಳಿಸಿ ಮಾರುವವರಿಗೆ ಈ 40 ಲಕ್ಷದ ರಿಯಾಯಿತಿ ಅನ್ವಯಿಸುವುದಿಲ್ಲ. ಅಂಥವರು ತಿಳಿದವರನ್ನು ಕೇಳಿಯೇ ಮುಂದುವರಿಯಿರಿ.

ಆದಾಯ ತೆರಿಗೆಯದು ಬೇರೆ. ತೋಟದ ಅಡಿಕೆ ಮಾರಿದ್ದು ಕೃಷಿ ಆದಾಯ, ಅದಕ್ಕೆ ತೆರಿಗೆ ಇಲ್ಲ. ಅದೇ ತೋಟದ ಹಲಸಿನಕಾಯಿ ಹಪ್ಪಳವಾಗಿ ಮಾರಾಟವಾದರೆ ಅದು ವ್ಯಾಪಾರ. ಎರಡನ್ನೂ ಒಂದೇ ಖಾತೆಗೆ ಸುರಿಯಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ. ನಮ್ಮಂಥ ಸಣ್ಣ ವ್ಯಾಪಾರದವರಿಗೆ ಅಂದಾಜು ಲಾಭದ ಒಂದು ಸುಲಭ ಪದ್ಧತಿಯಿದೆ. ಬ್ಯಾಂಕು, ಯುಪಿಐ ಮೂಲಕ ಬಂದ ಹಣದಲ್ಲಿ ಕನಿಷ್ಠ ನೂರಕ್ಕೆ 6, ನಗದಿನಲ್ಲಿ ಕನಿಷ್ಠ ನೂರಕ್ಕೆ 8 ಲಾಭವೆಂದು ತೋರಿಸಬಹುದು. ದೊಡ್ಡ ಲೆಕ್ಕಪುಸ್ತಕ ಬೇಡ. ನನ್ನ ಲೆಕ್ಕಕ್ಕೆ ಅದು 11,800 ರೂಪಾಯಿ ಆಗುತ್ತಿತ್ತು. ನಿಜವಾದ ಖರ್ಚು ಕಳೆದು ಉಳಿದದ್ದು 73,000. ಹೆಚ್ಚು ಉಳಿದದ್ದು ಗೊತ್ತಿರುವಾಗ ಅದನ್ನೇ ತೋರಿಸಬೇಕು, ತೋರಿಸಿದೆ. ಕಟ್ಟಬೇಕಾದ ತೆರಿಗೆ ಸೊನ್ನೆ. 2025ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ 4 ಲಕ್ಷದ ತನಕ ತೆರಿಗೆಯಿಲ್ಲ. ರಿಯಾಯಿತಿ ಸೇರಿ 12 ಲಕ್ಷ ಆದಾಯದ ತನಕವೂ ಸಾಮಾನ್ಯವಾಗಿ ಏನೂ ಕಟ್ಟಬೇಕಿಲ್ಲ.

"ಹಾಗಾದ್ರೆ ಕಟ್ಟೋದೇ ಇಲ್ಲದ ಮೇಲೆ ಲೆಕ್ಕ ಎಂತಕ್ಕೆ, ರಿಟರ್ನು ಎಂತಕ್ಕೆ?" ನಮ್ಮನೆಯವರೂ ಇದನ್ನೇ ಕೇಳಿದ್ದರು. ಅದಕ್ಕೆ ಉತ್ತರ ನನ್ನ ಅತ್ತಿಗೆಯ ಕತೆ.

ಸಿದ್ದಾಪುರದ ಕಡೆ ಅವರ ಮನೆ. ಇಪ್ಪತ್ತು ವರ್ಷ ಹಪ್ಪಳ ಒತ್ತಿದ ಕೈ. ಬೆರಳಿನ ಸಂದಿಯಲ್ಲೆಲ್ಲ ಜಡ್ಡು. ದುಡ್ಡು ಬರುತ್ತಿದ್ದುದು ಭಾವನ ಫೋನಿಗೆ, ಭಾವನ ಖಾತೆಗೆ. ಮನೆಯಲ್ಲಿ ಯಾರಿಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ದುಡ್ಡು ಎಲ್ಲಿದ್ದರೇನು, ಸಂಸಾರ ಒಂದೇ ಅಲ್ಲವೆ? ಒಂದು ಮಳೆಗಾಲದಲ್ಲಿ ಭಾವ ಇದ್ದಕ್ಕಿದ್ದಂತೆ ತೀರಿಕೊಂಡರು. ಖಾತೆಗೆ ನಾಮಿನಿಯ ಹೆಸರು ಕೊಟ್ಟಿರಲಿಲ್ಲ. ಆ ವರ್ಷದ ಹಪ್ಪಳದ ದುಡ್ಡೆಲ್ಲ ಅದರೊಳಗೇ ನಿಂತಿತು. ವಾರಸುದಾರರ ಕಾಗದಪತ್ರ ಮಾಡಿಸಿ ಅದನ್ನು ಬಿಡಿಸಿಕೊಳ್ಳಲು ಏಳು ತಿಂಗಳು ಓಡಾಡಿದರು. ತಾವೇ ದುಡಿದ ದುಡ್ಡು ತಮ್ಮದೆಂದು ಹೇಳಲಿಕ್ಕೆ ಏಳು ತಿಂಗಳು!

ಆಮೇಲೆ, ಮೋಡ ಹಾಕಿದಾಗಲೂ ಹಪ್ಪಳ ಒಣಗಿಸಲು ಒಂದು ಡ್ರಾಯರ್ ಹಾಕೋಣವೆಂದು ಸಾಲ ಕೇಳಲು ಹೋದರೆ, ಅಲ್ಲಿನ ಅಧಿಕಾರಿ ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು. "ಅಮ್ಮಾ, ವ್ಯಾಪಾರ ನಿಮ್ಮದು ಅನ್ನೋದಕ್ಕೆ ಕಾಗದ ಎಲ್ಲಿದೆ?" ಎಂದು ಕೇಳಿದರು. ಅತ್ತಿಗೆ ಸುಮ್ಮನೆ ಎದ್ದು ಬಂದರು. ಇಪ್ಪತ್ತು ವರ್ಷದ ದುಡಿಮೆ ಎಲ್ಲರ ಊಟದ ಎಲೆಯ ಮೇಲಿತ್ತು. ಒಂದು ಕಾಗದದ ಮೇಲೂ ಇರಲಿಲ್ಲ.

ಆ ಸಂಜೆಯೇ ನಾವಿಬ್ಬರೂ ಲೆಕ್ಕ ಶುರು ಮಾಡಿದ್ದು. ಅತ್ತಿಗೆ ತಮ್ಮ ಹೆಸರಿನಲ್ಲಿ ಖಾತೆ ತೆರೆದು ನಾಮಿನಿಯ ಜಾಗದಲ್ಲಿ ಮಗಳ ಹೆಸರು ಬರೆಸಿದರು. ಎರಡು ವರ್ಷ ರಿಟರ್ನು ತುಂಬಿಸಿದರು. ಮೊನ್ನೆ ಮೊನ್ನೆ ಅದೇ ಮೇಜಿನ ಮುಂದೆ ಕೂತು, ಫೋನು ತೆಗೆದು, ತಿಂಗಳು ತಿಂಗಳಿನ ಲೆಕ್ಕ ತೋರಿಸಿ ಮುದ್ರಾ ಸಾಲ ಮಂಜೂರು ಮಾಡಿಸಿಕೊಂಡು ಬಂದಿದ್ದಾರೆ. ಅರ್ಜಿಯಲ್ಲಿ ಉದ್ಯೋಗ ಎಂಬ ಕಡೆ "ಹಪ್ಪಳ ತಯಾರಿಕೆ" ಎಂದು ತಮ್ಮ ಕೈಯಾರೆ ಬರೆದರಂತೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಲೆಕ್ಕದಿಂದ ನನಗೆ ಇನ್ನೊಂದು ಲಾಭವೂ ಆಯಿತು. ಕೂಲಿ, ಎಣ್ಣೆ, ಪ್ಯಾಕಿಂಗ್ ಎಲ್ಲ ಕೂಡಿಸಿ ನೋಡಿದಾಗ, ಮದುವೆ ಮನೆಗೆ ಕಡಿಮೆ ದರಕ್ಕೆ ಕೊಡುತ್ತಿದ್ದ ಹಪ್ಪಳದಲ್ಲಿ ನನಗೆ ಏನೂ ಉಳಿಯುತ್ತಿರಲಿಲ್ಲ ಎಂದು ಗೊತ್ತಾಯಿತು. ಈಗ ದರ ಹೇಳುವಾಗ ನಾಲಿಗೆ ತಡವರಿಸುವುದಿಲ್ಲ. ಬೇಕಾದರೆ ಲೆಕ್ಕ ತೋರಿಸುತ್ತೇನೆ.

ಹೊಸ ಲೆಕ್ಕದ ವರ್ಷ ಏಪ್ರಿಲ್ ಒಂದಕ್ಕೆ ಶುರು. ನಮ್ಮ ಹಪ್ಪಳದ ಹಂಗಾಮೂ ಹೆಚ್ಚುಕಡಿಮೆ ಆಗಲೇ. ಅದಕ್ಕೇ ಕಾಯಬೇಕೆಂದಿಲ್ಲ, ಇವತ್ತು ಏನು ಮಾರಿದಿರೋ ಅದರಿಂದಲೇ ಮೊದಲ ಸಾಲು ಬರೆಯಿರಿ. ತೆರಿಗೆ ಕಟ್ಟುವಷ್ಟು ಆದಾಯ ನಮಗೆಲ್ಲ ಬರಲಿ ಎಂದೇ ನನ್ನ ಹಾರೈಕೆ. ಬರುವ ತನಕ ಲೆಕ್ಕವಾದರೂ ನಮ್ಮ ಹೆಸರಿನಲ್ಲಿರಲಿ. ಏನಂತೀರಿ?